90 ದಾಟಿದಾಗ ಸ್ಟೀರಿಂಗ್ ನಡುಗಿದರೆ

ಊರೊಳಗೆ ಓಡಾಡುವಾಗ ಯಾವ ತಕರಾರೂ ಮಾಡದ ಕಾರು ಹೆದ್ದಾರಿಗೆ ಬಿದ್ದ ಮೇಲೆ ಬೇರೆಯೇ ಕಾರಾಗಿಬಿಡುತ್ತದೆ. 70ರವರೆಗೆ ಸುಮ್ಮನಿರುತ್ತದೆ. 85, 90 ಆಗುತ್ತಿದ್ದಂತೆ ಸ್ಟೀರಿಂಗ್ ಹಿಡಿದ ಬೆರಳುಗಳಲ್ಲಿ ಸಣ್ಣ ಜುಮುಜುಮು. ಇನ್ನೂ ಸ್ವಲ್ಪ ಒತ್ತಿದರೆ ಗಡಗಡ ನಡುಕ. ಕೆಲವು ಕಾರುಗಳಲ್ಲಿ ನಡುಕವೇ ಇರುವುದಿಲ್ಲ. ಕಾಲಬುಡದಿಂದ ಗುಂಯ್ ಎನ್ನುವ ಸದ್ದು ಎದ್ದು, ಪಕ್ಕದಲ್ಲಿ ಕೂತವರೊಡನೆ ಗಂಟಲೇರಿಸಿ ಮಾತಾಡಬೇಕಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ, ತುಮಕೂರು–ಚಿತ್ರದುರ್ಗ–ಹುಬ್ಬಳ್ಳಿ ದಾರಿ ಅಗಲವಾದ ಮೇಲೆ, ಸಾಮಾನ್ಯ ಕುಟುಂಬದ ಸಣ್ಣ ಕಾರುಗಳೂ ತಾಸುಗಟ್ಟಲೆ 90–100ರ ವೇಗದಲ್ಲಿ ಓಡುತ್ತಿವೆ. ಹಿಂದೆ ಆ ವೇಗವನ್ನೇ ಮುಟ್ಟದ ಕಾರುಗಳಲ್ಲಿ ಅಡಗಿಕೊಂಡಿದ್ದ ದೋಷಗಳು ಈಗ ಹೊರಗೆ ಬರುತ್ತಿವೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ‘ಗಾಡಿ ಹಳೇದಾಯ್ತಲ್ಲ ಸಾರ್, ಇಷ್ಟು ಇದ್ದೇ ಇರುತ್ತೆ’ ಎಂಬುದು ಒಂದು. ‘ಸಸ್ಪೆನ್ಷನ್ ಪೂರ್ತಿ ಮಾಡಿಸಿಬಿಡಿ’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಎಂಟು ವರ್ಷ ಹಳೆಯ ಕಾರು ಕೂಡ 100ರಲ್ಲಿ ನಡುಗದೆ ಓಡಬೇಕು, ಓಡಬಲ್ಲದು. ಇನ್ನು ದೋಷ ಎಲ್ಲಿದೆ ಎಂದು ಹುಡುಕದೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ, 10 ಗ್ರಾಂ ಸೀಸದಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗುತ್ತದೆ. ದೋಷ ಹುಡುಕಲು ಬೇಕಾದ ಮುಖ್ಯ ಮಾಹಿತಿ ಇರುವುದು ಕಾರು ಓಡಿಸುವವರ ಬಳಿಯೇ. ಯಾವ ವೇಗದಲ್ಲಿ, ಏನು ಮಾಡುವಾಗ, ಕಾರಿನ ಯಾವ ಭಾಗದಲ್ಲಿ ನಡುಕ ಬರುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಆ ವೇಗದಲ್ಲೇ ಏಕೆ?

ಸ್ವಿಫ್ಟ್‌ನಂಥ ಹಲವು ಸಣ್ಣ ಕಾರುಗಳಲ್ಲಿ ಇರುವುದು 185/65 ಆರ್15 ಅಳತೆಯ ಟೈರು. ಅದು ಒಂದು ಸುತ್ತು ಉರುಳಿದರೆ ಕಾರು ಸುಮಾರು 1.95 ಮೀಟರ್ ಮುಂದೆ ಹೋಗುತ್ತದೆ. 100ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತಿರುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 20 ಗ್ರಾಂ ತೂಕ ಹೆಚ್ಚಾಗಿದೆ ಎಂದುಕೊಳ್ಳಿ. ಆ ವೇಗದಲ್ಲಿ ಆ 20 ಗ್ರಾಂ ಸುಮಾರು 3 ಕೆ.ಜಿ. ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ 14 ಸಲ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಊರೊಳಗೆ 40–50ರಲ್ಲಿ ಹೋಗುವಾಗ ಅದೇ ದೋಷ ಗೊತ್ತೇ ಆಗದಿರಲು ಇದು ಒಂದು ಕಾರಣ.

ಇನ್ನೊಂದು ಕಾರಣವೂ ಇದೆ. ಚಕ್ರ, ಸ್ಪ್ರಿಂಗ್, ಸ್ಟೀರಿಂಗ್ ಕಂಬ, ಇವೆಲ್ಲಕ್ಕೂ ತಮ್ಮದೇ ಆದ ಸಹಜ ಕಂಪನದ ಲಯವಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಎತ್ತರಕ್ಕೆ ಏರುವುದಿಲ್ಲವೇ, ಹಾಗೆಯೇ ಚಕ್ರದ ಸುತ್ತಿನ ಲಯ ಆ ಸಹಜ ಲಯದೊಂದಿಗೆ ಕೂಡಿದಾಗ ಸಣ್ಣ ದೋಷವೂ ದೊಡ್ಡ ನಡುಕವಾಗುತ್ತದೆ. ಬಹುತೇಕ ಕಾರುಗಳಲ್ಲಿ ಈ ಎರಡು ಲಯ ಸೇರುವುದು 80ರಿಂದ 110ರ ನಡುವೆ. ಅದನ್ನು ದಾಟಿದರೆ ನಡುಕ ಮತ್ತೆ ಕಡಿಮೆಯಾಗುವುದೂ ಉಂಟು. ‘ನೂರರ ಮೇಲೆ ಹೋದರೆ ಸರಿಹೋಗುತ್ತೆ’ ಎಂದು ಕೆಲವರು ಹೇಳುವುದು ಇದರಿಂದಲೇ. ಸರಿಹೋಗಿರುವುದಿಲ್ಲ, ಬಲ ಹೆಚ್ಚೇ ಆಗಿರುತ್ತದೆ, ಬೇರಿಂಗ್ ಮತ್ತು ಬುಷ್‌ಗಳು ಅದನ್ನು ತಿನ್ನುತ್ತಿರುತ್ತವೆ.

ದಾರಿಯಲ್ಲೇ ಮಾಡಬಹುದಾದ ಪರೀಕ್ಷೆ

ಪರೀಕ್ಷೆಗೆ ವಾಹನ ಕಡಿಮೆಯಿರುವ, ನೇರವಾದ ಚತುಷ್ಪಥ ದಾರಿ ಬೇಕು. ಬೆಳಗಿನ ಹೊತ್ತು ಒಳ್ಳೆಯದು. ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದಂತೆ ವಿಭಜಕವಿರುವ ಚತುಷ್ಪಥದಲ್ಲಿ ಕಾರಿನ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಎಲ್ಲ ಪರೀಕ್ಷೆಗೂ ಅಷ್ಟು ಸಾಕು, ದಾಟಬೇಕಾಗಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ಓಡಿಸುವವರು ಫೋನ್ ಮುಟ್ಟಬಾರದು. ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ, ಗಾಳಿ ನೋಡಿಸಿ. ಎಷ್ಟಿರಬೇಕೆಂಬ ಅಂಕಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಡಿಕ್ಕಿಯಲ್ಲಿ ಅಲುಗಾಡುವ ಜಾಕ್, ಸ್ಪ್ಯಾನರ್, ನೀರಿನ ಕ್ಯಾನು ಇದ್ದರೆ ತೆಗೆದಿಡಿ. ಸ್ಟೆಪ್ನಿಯ ನಟ್ಟು ಸಡಿಲವಾಗಿದ್ದುದನ್ನೇ ಆಕ್ಸಲ್ ಸದ್ದೆಂದು ತಿಳಿದು ವಾರಗಟ್ಟಲೆ ಹುಡುಕಿದವರಿದ್ದಾರೆ.

ಈಗ ನಿಧಾನವಾಗಿ ವೇಗ ಏರಿಸಿ. ನಡುಕ ಶುರುವಾಗುವ ವೇಗ, ಅತಿ ಹೆಚ್ಚಾಗುವ ವೇಗ ಎರಡನ್ನೂ ಬರೆದುಕೊಳ್ಳಿ. ನಡುಕ ಕೈಗೆ ಬರುತ್ತಿದೆಯೋ, ಸೀಟಿಗೆ ಬರುತ್ತಿದೆಯೋ ನೋಡಿ. ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ಮುಂದಿನ ಚಕ್ರಗಳ ಮೇಲೆ. ಸೀಟು, ನೆಲ, ಹಿಂದಿನ ಸೀಟಿನಲ್ಲಿ ಕೂತವರ ಬೆನ್ನು ನಡುಗಿದರೆ ಹಿಂದಿನ ಚಕ್ರಗಳ ಮೇಲೆ. ಇದು ಪೂರ್ತಿ ನಿಖರವಾದ ನಿಯಮವಲ್ಲ, ಆದರೆ ಹೆಚ್ಚಿನ ಸಲ ದಾರಿ ತಪ್ಪಿಸುವುದಿಲ್ಲ.

ಆಮೇಲೆ ಮಾಡಬೇಕಾದದ್ದು ಎಂಜಿನ್ನನ್ನೂ ಚಕ್ರವನ್ನೂ ಬೇರ್ಪಡಿಸಿ ನೋಡುವುದು. ನಡುಕ ಬರುವ ವೇಗವನ್ನೇ ಕಾಯ್ದುಕೊಂಡು ಐದನೇ ಗೇರಿನಿಂದ ನಾಲ್ಕಕ್ಕೆ ಬನ್ನಿ. ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಚಕ್ರದ ಸುತ್ತು ಅಷ್ಟೇ ಇರುತ್ತದೆ. ನಡುಕ ಹಾಗೆಯೇ ಇದ್ದರೆ ದೋಷ ಚಕ್ರದ ಕಡೆಯದು. ಬದಲಾದರೆ ಎಂಜಿನ್, ಅದರ ಮೌಂಟಿಂಗ್ ಅಥವಾ ಸೈಲೆನ್ಸರ್ ಪೈಪಿನ ಕಡೆಯದು. ಕಾರು ನಿಂತಿರುವಾಗಲೇ ಎಂಜಿನ್ನನ್ನು ಅದೇ ಆರ್‌ಪಿಎಂಗೆ ಏರಿಸಿ ನೋಡಿದರೆ ಇನ್ನೂ ಖಚಿತವಾಗುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಮ್ಯಾನ್ಯುಯಲ್ ಮೋಡ್ ಇದ್ದರೆ ಅದರಲ್ಲಿ ಗೇರ್ ಇಳಿಸಬಹುದು. ಓಡುತ್ತಿರುವಾಗ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುವ ಸಾಹಸವನ್ನು ಯಾರೂ ಯಾವತ್ತೂ ಮಾಡಬಾರದು. ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕಿಗೆ ಸಿಗುವ ನೆರವೂ ಹೋಗುತ್ತದೆ.

ಇನ್ನು ಮೂರು ಸಣ್ಣ ಪರೀಕ್ಷೆಗಳು. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ನಡುಗಿ, ಕಾಲು ತೆಗೆದೊಡನೆ ನಿಂತರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟನ್ನು ನೋಡಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್. ಅಗಲವಾದ ತಿರುವಿನಲ್ಲಿ ಸದ್ದು ಹೆಚ್ಚು ಕಡಿಮೆಯಾದರೆ ವೀಲ್ ಬೇರಿಂಗ್. ಜೊತೆಗೆ ರಸ್ತೆಯನ್ನೂ ಗಮನಿಸಿ. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದಿನ ಸ್ವರವೇ ಬದಲಾದರೆ ಅದು ಟೈರಿನ ಸದ್ದು. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳ ಮೇಲೆ ಅಡ್ಡಗೀರುಗಳಿರುವ ಕಡೆ ಹೊಸ ಕಾರಿಗೂ ಕುಂಯ್ ಎನ್ನುವ ಸದ್ದು ಬರುತ್ತದೆ. ಅದು ದೋಷವಲ್ಲ.

ಲೆಕ್ಕಾಚಾರದ ಆಸಕ್ತಿ ಇರುವವರಿಗೆ ಒಂದು ಮಾತು. ಫೋನಿನಲ್ಲಿರುವ ಕಂಪನ ಅಳೆಯುವ ಆ್ಯಪ್‌ಗಳು ಸೆಕೆಂಡಿಗೆ ಎಷ್ಟು ಕಂಪನ ಎಂದು ತೋರಿಸುತ್ತವೆ. ಪಕ್ಕದಲ್ಲಿ ಕೂತವರು ಫೋನನ್ನು ನೆಲಕ್ಕೆ ಒತ್ತಿ ಹಿಡಿದರೆ ಸಾಕು. 100ರಲ್ಲಿ 14ರ ಆಸುಪಾಸು ಬಂದರೆ ಚಕ್ರ, ರಿಮ್, ಟೈರು ಅಥವಾ ಮುಂದಿನ ಡ್ರೈವ್ ಶಾಫ್ಟ್. ಇವೆಲ್ಲ ಒಂದೇ ವೇಗದಲ್ಲಿ ತಿರುಗುತ್ತವೆ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾದಂಥ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ವಾಹನಗಳಲ್ಲಿ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಅದರ ಕಂಪನ 40–55ರ ನಡುವೆ ಬೀಳುತ್ತದೆ, ನಡುಕಕ್ಕಿಂತ ಹೆಚ್ಚಾಗಿ ಕಿವಿ ತುಂಬುವ ಗುಂಗಿನಂತೆ ಅನ್ನಿಸುತ್ತದೆ. ಎಂಜಿನ್ನಿನ ಲೆಕ್ಕ ಇನ್ನೂ ಸುಲಭ: 3000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50.

ಮೊದಲು ಚಕ್ರ

ವೇಗದಲ್ಲಿ ಬರುವ ನಡುಕದ ದೂರುಗಳಲ್ಲಿ ಬಹುಪಾಲು ಚಕ್ರದಲ್ಲೇ ಮುಗಿಯುತ್ತವೆ. ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ಖರ್ಚೂ ಅಲ್ಲೇ ಕಡಿಮೆ.

ಮಲೆನಾಡಿನ ಮಳೆಗಾಲದಲ್ಲಿ ತೋಟದ ಮಣ್ಣುದಾರಿಯಲ್ಲಿ ಓಡಾಡಿ ಬಂದ ಕಾರು ಹೆದ್ದಾರಿಯಲ್ಲಿ ನಡುಗಿದರೆ ಮೊದಲು ನೋಡಬೇಕಾದದ್ದು ರಿಮ್ಮಿನ ಒಳಮೈ. ಅಲಾಯ್ ವೀಲಿನ ಒಳಬದಿಯಲ್ಲಿ ಕೆಂಪುಮಣ್ಣು ಮೆತ್ತಿ ಒಣಗಿ ಕೂತಿರುತ್ತದೆ. ಹೊರಗಿನಿಂದ ತೊಳೆದರೆ ಅದು ಹೋಗುವುದಿಲ್ಲ. ಪ್ರೆಶರ್ ವಾಷಿನವರಿಗೆ ಹೇಳಿ ಚಕ್ರದ ಹಿಂಬದಿಯಿಂದ ನೀರು ಹೊಡೆಸಿ. ಎಷ್ಟೋ ಕಾರುಗಳ ನಡುಕ ಅಲ್ಲಿಗೇ ನಿಂತುಹೋಗುತ್ತದೆ. ಆಮೇಲೆ ರಿಮ್ಮಿಗೆ ಅಂಟಿಸಿದ ಅಥವಾ ಬಡಿದು ಕೂರಿಸಿದ ತೂಕದ ಪಟ್ಟಿಗಳು ಇವೆಯೇ ನೋಡಿ. ಅಂಟು ಕಿತ್ತುಹೋದ ಜಾಗದಲ್ಲಿ ಚೌಕಾಕಾರದ ಕಲೆ ಮಾತ್ರ ಉಳಿದಿರುತ್ತದೆ. ಪಂಕ್ಚರ್ ಹಾಕಿಸಲು ಟೈರನ್ನು ರಿಮ್ಮಿನಿಂದ ಬಿಚ್ಚಿದ ಪ್ರತಿ ಸಲವೂ ಮತ್ತೆ ಬ್ಯಾಲೆನ್ಸಿಂಗ್ ಬೇಕು. ಪಂಕ್ಚರ್ ಆಗದಂತೆ ಎಂದು ಟೈರೊಳಗೆ ಸುರಿಯುವ ದ್ರವ ಒಂದೇ ಕಡೆ ಮಡುಗಟ್ಟಿ ನಡುಕ ತರಬಲ್ಲದು. ತುರ್ತಿಗೆ ಸರಿ, ಕಾಯಂ ಆಗಿ ಹಾಕಿಸಿಕೊಂಡು ಹೆದ್ದಾರಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ನಡುಕ ಹೋಗಲಿಲ್ಲ ಎನ್ನುವವರು ಬಹಳ. ತಪ್ಪು ಅನೇಕ ಸಲ ಚಕ್ರವನ್ನು ಯಂತ್ರಕ್ಕೆ ಕೂರಿಸುವುದರಲ್ಲಿರುತ್ತದೆ. ಚಕ್ರದ ನಡುವಿನ ರಂಧ್ರಕ್ಕೆ ಸರಿಯಾದ ಕೋನ್ ಹಾಕದೆ, ಅಂಚಿನ ತುಕ್ಕು ಒರೆಸದೆ ಬಿಗಿದರೆ ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಯಂತ್ರ ಸೊನ್ನೆ ತೋರಿಸಿದರೂ ಕಾರಿನಲ್ಲಿ ಅದು ಸೊನ್ನೆಯಾಗಿರುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಯಂತ್ರ ಎರಡೂ ಬದಿಗೆ ಸೊನ್ನೆ ತೋರಿಸಿದ ಮೇಲೆ, ‘ಚಕ್ರ ಸಡಿಲಿಸಿ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಇನ್ನೊಮ್ಮೆ ಓಡಿಸಿ’ ಎಂದು ಕೇಳಿ. ಆಗಲೂ ಸೊನ್ನೆ ಅಥವಾ 5 ಗ್ರಾಂ ತೋರಿಸಿದರೆ ಕೆಲಸ ಸರಿಯಾಗಿದೆ. 15, 20 ಗ್ರಾಂ ತೋರಿಸಿದರೆ ಮೊದಲು ಕೂರಿಸಿದ್ದೇ ತಪ್ಪು. ಒಳ್ಳೆಯ ಅಂಗಡಿಯವರು ಈ ಮಾತಿಗೆ ಬೇಸರಪಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಮಾಡಿಸಿ. ಮುಂದಿನ ಎರಡಕ್ಕೆ ಸಾಕು ಎನ್ನುವುದು ಅರೆಕೆಲಸ.

ಒಂದು ಚಕ್ರಕ್ಕೆ 60, 70 ಗ್ರಾಂ ತೂಕ ಬೇಕೆಂದು ಯಂತ್ರ ಕೇಳಿದರೆ ಪಟ್ಟಿ ಅಂಟಿಸಿ ಕೈತೊಳೆದುಕೊಳ್ಳಬಾರದು. ಟೈರೋ ರಿಮ್ಮೋ ಸರಿಯಿಲ್ಲ ಎಂಬುದಕ್ಕೆ ಅದು ಸೂಚನೆ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಕೆಲವೊಮ್ಮೆ ಎರಡರ ದೋಷಗಳು ಒಂದನ್ನೊಂದು ಕಳೆಯುತ್ತವೆ. ಹೊಸ ಟೈರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಭಾಗದ ಗುರುತು. ಅದನ್ನು ಗಾಳಿ ತುಂಬುವ ವಾಲ್ವಿನ ಪಕ್ಕಕ್ಕೇ ತಂದು ಕೂರಿಸುವುದು ಪದ್ಧತಿ. ಅವಸರದಲ್ಲಿ ಯಾರೂ ನೋಡುವುದಿಲ್ಲ, ಕೇಳಿದರೆ ಮಾಡುತ್ತಾರೆ.

ಬ್ಯಾಲೆನ್ಸಿಂಗ್ ಯಂತ್ರ ಹೇಳದ ಒಂದು ವಿಷಯವಿದೆ: ಚಕ್ರ ದುಂಡಗಿದೆಯೇ ಎಂಬುದು. ಗುಂಡಿಗೆ ಬಿದ್ದು ಸೊಟ್ಟಗಾದ ರಿಮ್ಮನ್ನೂ ತೂಕ ಅಂಟಿಸಿ ಸರಿದೂಗಿಸಬಹುದು. ತೂಕ ಸಮವಾಗುತ್ತದೆ, ಆಕಾರ ಸೊಟ್ಟಗೇ ಉಳಿಯುತ್ತದೆ, ರಸ್ತೆಯ ಮೇಲೆ ಉರುಳುವಾಗ ನಡುಕ ಬಂದೇ ಬರುತ್ತದೆ. ಆದ್ದರಿಂದ ಯಂತ್ರದ ಮೇಲೆ ಚಕ್ರ ತಿರುಗುವಾಗ ಎದುರಿಗೆ ನಿಂತು ಕಣ್ಣಿಟ್ಟು ನೋಡಿ. ಅಂಚು ಅತ್ತಿತ್ತ ಓಲಾಡುತ್ತಿದೆಯೇ, ಟೈರಿನ ಮೈ ಏರಿಳಿಯುತ್ತಿದೆಯೇ? ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದರೆ ಎರಡು ಮಿಲಿಮೀಟರ್ ವ್ಯತ್ಯಾಸವೂ ಕಾಣುತ್ತದೆ. ಕಬ್ಬಿಣದ ರಿಮ್ ಆದರೆ ಸ್ವಲ್ಪ ಸೊಟ್ಟಗಾದದ್ದನ್ನು ತಿದ್ದಿಸಬಹುದು. ಅಲಾಯ್ ರಿಮ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ಹೆದ್ದಾರಿಗೆ ಒಯ್ಯಬೇಡಿ, ಬದಲಿಸಿ.

ಹೊರಗಿನಿಂದ ಹಾಕಿಸಿದ ಅಲಾಯ್ ವೀಲ್‌ಗಳಲ್ಲಿ ಇನ್ನೊಂದು ತೊಡಕು. ಕಂಪನಿಯ ರಿಮ್ಮಿನ ನಡುರಂಧ್ರ ಹಬ್ಬಿನ ಮೂತಿಗೆ ಸರಿಯಾಗಿ ಕೂರುತ್ತದೆ. ಹೊರಗಿನವು ಹಲವು ಮಾದರಿಗಳಿಗೆ ಹೊಂದಲೆಂದು ದೊಡ್ಡ ರಂಧ್ರದೊಂದಿಗೆ ಬರುತ್ತವೆ. ನಡುವೆ ಉಳಿದ ಸಂದಿಗೆ ಹಬ್ ರಿಂಗ್ ಹಾಕಬೇಕು. ಹಾಕದಿದ್ದರೆ ನಟ್ಟುಗಳ ಮೇಲಷ್ಟೇ ಚಕ್ರ ನಿಂತು, ನಡು ತಪ್ಪಿ ತಿರುಗುತ್ತದೆ. ಅಲಾಯ್ ಹಾಕಿಸಿದ ದಿನದಿಂದಲೇ ನಡುಕ ಶುರುವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ.

ಟೈರಿನ ಮೈಯನ್ನು ಅಂಗೈಯಿಂದ ಸವರಿ ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಅಭ್ಯಾಸ. ಕಾರು ನಿಂತಿರುವಾಗ, ತಂತಿ, ಗಾಜು ಚುಚ್ಚದಂತೆ ನೋಡಿಕೊಂಡು, ನೀವೂ ಮಾಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ಸಿಕ್ಕಿದಂತಾದರೆ ಟೋ ಕೋನ ತಪ್ಪಿದೆ, ಅಲೈನ್‌ಮೆಂಟ್ ಬೇಕು. ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಸಿಕ್ಕರೆ ಶಾಕ್ ಅಬ್ಸಾರ್ಬರ್ ಸೋತಿದೆ, ಟೈರು ರಸ್ತೆಯ ಮೇಲೆ ಕುಪ್ಪಳಿಸುತ್ತ ಸವೆದಿದೆ. ಅಂಥ ಟೈರು ಬೇರಿಂಗ್ ಹೋದಂತೆಯೇ ಸದ್ದು ಮಾಡುತ್ತದೆ. ಅಲೈನ್‌ಮೆಂಟಿನ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ: ಕೋನಗಳು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಸವೆಯುತ್ತದೆ, ನೇರವಾಗಿ ನಡುಕ ಬರುವುದಿಲ್ಲ. ‘ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ಒಂದೇ ಬಿಲ್ ಮಾಡುವುದರಿಂದ ಎರಡೂ ಒಂದೇ ರೋಗದ ಮದ್ದು ಎಂಬ ಭಾವನೆ ಬಂದಿದೆ. ನಡುಕಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್.

ಸವರುವಾಗ ಟೈರಿನ ಪಕ್ಕದಲ್ಲಿ ಅಥವಾ ನೆತ್ತಿಯಲ್ಲಿ ಉಬ್ಬು ಸಿಕ್ಕಿತೆಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಒಳಗಿನ ದಾರದ ಹೆಣಿಗೆ ಹರಿದಿದೆ ಅಥವಾ ಉಕ್ಕಿನ ಬೆಲ್ಟ್ ರಬ್ಬರಿನಿಂದ ಬಿಟ್ಟಿದೆ ಎಂದರ್ಥ. ಬೆಲ್ಟ್ ಬಿಟ್ಟ ಟೈರು 20–30ರ ವೇಗದಲ್ಲೇ ಕಾರನ್ನು ಕುಂಟಿಸುತ್ತದೆ, ಸ್ಟೀರಿಂಗ್ ಅತ್ತಿತ್ತ ಓಲಾಡುತ್ತದೆ. ವೇಗ ಹೆಚ್ಚಿದಂತೆ ದಬ್ ದಬ್ ಎಂಬ ಬಡಿತ ಕೇಳುತ್ತದೆ. ನಿನ್ನೆಗಿಂತ ಇವತ್ತು ಹೆಚ್ಚಾಗಿದೆ ಎನ್ನಿಸಿದರಂತೂ ಒಂದು ಕಿಲೊಮೀಟರ್ ಕೂಡ ಮುಂದೆ ಹೋಗದೆ ಸ್ಟೆಪ್ನಿ ಹಾಕಿ. ಬಿಸಿಲಲ್ಲಿ ಕಾದ ಹೆದ್ದಾರಿಯಲ್ಲಿ, ಪೂರ್ತಿ ಲಗೇಜಿನೊಂದಿಗೆ, 100ರಲ್ಲಿ ಸಿಡಿಯುವ ಟೈರುಗಳು ಇವೇ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದದ್ದನ್ನು ಗೀರು ಎಷ್ಟೇ ಉಳಿದಿದ್ದರೂ ಬಿಡಬೇಕು. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಆ ಟೈರು ರಸ್ತೆಗಿಳಿಯುವಂತಿಲ್ಲ.

ಬಹಳ ದಿನ ನಿಲ್ಲಿಸಿದ್ದ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಮೊದಲ ಕೆಲವು ಕಿಲೊಮೀಟರ್ ನಡುಗುವುದುಂಟು. ಟೈರು ಬಿಸಿಯಾದಂತೆ ತಾನೇ ಸರಿಹೋದರೆ ಚಿಂತೆಯಿಲ್ಲ.

ಗುಂಯ್‌ಗುಡುವ ಬೇರಿಂಗ್

ವೀಲ್ ಬೇರಿಂಗ್ ಹೋಗುವಾಗ ಮೊದಲು ಬರುವುದು ಸದ್ದು, ನಡುಕ ಬಹಳ ತಡವಾಗಿ. 50–60ರಲ್ಲಿ ಶುರುವಾಗುವ ಗುಂಯ್ ಸದ್ದು ವೇಗದೊಂದಿಗೆ ಏರುತ್ತ ಹೋಗುತ್ತದೆ. ಗೇರ್ ಬದಲಿಸಿದರೂ, ಕ್ಲಚ್ ಒತ್ತಿದರೂ, ರಸ್ತೆ ಬದಲಾದರೂ ಅದು ಬದಲಾಗುವುದಿಲ್ಲ. ಬದಲಾಗುವುದು ತಿರುವಿನಲ್ಲಿ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಲಬದಿಯ ಬೇರಿಂಗ್ ಅನುಮಾನಕ್ಕೆ ಬರುತ್ತದೆ, ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡಬದಿಯದು. ಟೈರಿನ ಸದ್ದೋ ಬೇರಿಂಗ್ ಸದ್ದೋ ಎಂಬ ಗೊಂದಲ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಓಡಿಸಿ. ಸದ್ದು ಜಾಗ ಬದಲಿಸಿದರೆ ಟೈರು, ಅಲ್ಲೇ ಉಳಿದರೆ ಬೇರಿಂಗ್.

ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೇರಿಸಿದಾಗ ಚಕ್ರವನ್ನು ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಟ್ಟರೆ, ಹೋದ ಬೇರಿಂಗಿನ ಗರಗರ ಸ್ಪ್ರಿಂಗಿಗೆ ಬರುತ್ತದೆ. ಚಕ್ರದ ಮೇಲುತುದಿ ಕೆಳತುದಿ ಹಿಡಿದು ಅಲ್ಲಾಡಿಸಿದಾಗ ಲಟಲಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್. ಮನೆಯಲ್ಲಿ ಬರೀ ಜಾಕ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬೇಡಿ.

ಮಳೆಗಾಲದಲ್ಲಿ ಚಕ್ರ ಮುಳುಗುವಷ್ಟು ನೀರಿನಲ್ಲಿ ಕಾರು ಓಡಿಸಿದ್ದರೆ ಕೆಲವು ವಾರಗಳ ನಂತರ ಈ ಸದ್ದು ಬರಬಹುದು. ಸೀಲ್ ದಾಟಿ ಒಳಗೆ ಹೋದ ನೀರು ಗ್ರೀಸನ್ನು ಕೆಡಿಸಿರುತ್ತದೆ. ಹೊಸ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿಯೇ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಕೆಲಸ ಕೊಡುವ ಮೊದಲೇ ‘ಪ್ರೆಸ್ ಇದೆಯೇ’ ಎಂದು ಕೇಳಿ.

ಬ್ರೇಕ್, ಶಾಫ್ಟ್, ಮೌಂಟಿಂಗ್

80–90ರಿಂದ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಕಂಪಿಸಿ, ಪೆಡಲ್ ಕಾಲಿಗೆ ತಟ್ಟಿದಂತಾದರೆ ಮುಂದಿನ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಉಳಿದಿಲ್ಲ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಹೇಳುವುದು ರೂಢಿ. ಆದರೆ ಬಹಳ ಸಲ ಡಿಸ್ಕ್ ಬಾಗಿರುವುದಿಲ್ಲ. ಹಬ್ಬಿನ ಮೇಲಿನ ತುಕ್ಕಿನಿಂದ ತುಸು ಓರೆಯಾಗಿ ಕೂತು, ತಿರುಗುತ್ತ ತಿರುಗುತ್ತ ಒಂದು ಕಡೆ ಹೆಚ್ಚು ಸವೆದಿರುತ್ತದೆ. ಹಬ್ ಉಜ್ಜಿ ಶುಚಿ ಮಾಡದೆ ಹೊಸ ಡಿಸ್ಕ್ ಹಾಕಿದರೆ ಕೆಲವು ಸಾವಿರ ಕಿಲೊಮೀಟರಿಗೆ ಅದೇ ಕಥೆ. ಹಿಂದಿನ ಡ್ರಮ್ಮಿನ ಮೇಲೆ ಅನುಮಾನವಿದ್ದರೆ, ಲಿವರ್ ಇರುವ ಹ್ಯಾಂಡ್‌ಬ್ರೇಕ್ ಕಾರಿನಲ್ಲಿ, ಖಾಲಿ ಜಾಗದಲ್ಲಿ 30ರ ವೇಗದಲ್ಲಿ ಗುಂಡಿ ಒತ್ತಿಹಿಡಿದು ಮೆಲ್ಲಗೆ ಎಳೆದು ನೋಡಿ. ಆಗ ನಡುಗಿದರೆ ಡ್ರಮ್ ದುಂಡು ಕಳೆದುಕೊಂಡಿದೆ. ಗಕ್ಕನೆ ಬ್ರೇಕ್ ಹಾಕಿದಾಗ ಎಬಿಎಸ್‌ನಿಂದ ಪೆಡಲ್ ಟರ್ರೆಂದು ತಟ್ಟುವುದು ಸಹಜ.

ಹೊರಡುವಾಗ ಸರಿಯಿದ್ದು, 20–30 ಕಿ.ಮೀ. ಓಡಿದ ಮೇಲೆ ನಡುಕ ಶುರುವಾಗಿ, ಒಂದು ಚಕ್ರದಿಂದ ಸುಟ್ಟ ವಾಸನೆ ಬಂದರೆ ಕ್ಯಾಲಿಪರ್ ಹಿಡಿದುಕೊಂಡಿದೆ. ನಿಲ್ಲಿಸಿ, ರಿಮ್ಮಿನ ಹತ್ತಿರ ಕೈ ಒಯ್ದರೆ ಶಾಖ ಗೊತ್ತಾಗುತ್ತದೆ; ಮುಟ್ಟಬೇಡಿ. ಅದೇ ಸ್ಥಿತಿಯಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವುದು ಅಪಾಯ.

ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್ ಹೋದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟಕಟ ಸದ್ದು. ಒಳ ಜಾಯಿಂಟ್ ಸವೆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮೂಗು ಅತ್ತಿತ್ತ ಆಡಿದಂಥ ನಡುಕ. ಎರಡಕ್ಕೂ ಮೂಲ ಸಾಮಾನ್ಯವಾಗಿ ಹರಿದ ರಬ್ಬರ್ ಬೂಟು. ರಿಮ್ಮಿನ ಒಳಮೈಯಲ್ಲಿ ಗ್ರೀಸ್ ಚಿಮ್ಮಿದ ಕಲೆ ಕಂಡರೆ ಬೂಟು ಹರಿದಿದೆ. ಜಾಯಿಂಟ್ ಕೆಡುವ ಮೊದಲೇ ಬೂಟು ಬದಲಿಸಿದರೆ ಖರ್ಚು ಬಹಳ ಕಡಿಮೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ವಾಹನಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ನಡುವಿನ ಬೇರಿಂಗ್ ನೋಡಿಸಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಗುರುತು ಹಾಕಿಕೊಂಡು ಅದೇ ಸ್ಥಾನಕ್ಕೆ ಸೇರಿಸದಿದ್ದರೆ, ಇಲ್ಲದ ನಡುಕ ಹೊಸದಾಗಿ ಬರಬಹುದು.

ಎಂಜಿನ್ ಮೌಂಟಿಂಗ್ ಹೋದ ಕಾರು ಹೆದ್ದಾರಿಗಿಂತ ಸಿಗ್ನಲ್ಲಿನಲ್ಲಿ ನಿಂತಾಗಲೇ ಹೆಚ್ಚು ನಡುಗುತ್ತದೆ. ಹಾಗಾಗಿ ಅದನ್ನು ಹುಡುಕಲು ವೇಗವೇ ಬೇಕಾಗಿಲ್ಲ.

ಗಾಳಿಯ ಸದ್ದು

80 ದಾಟಿದ ಮೇಲೆ ಸುಂಯ್ ಎಂದು ಶುರುವಾಗಿ, ಎದುರುಗಾಳಿಯಲ್ಲಿ ಅಥವಾ ಲಾರಿಯ ಪಕ್ಕ ದಾಟುವಾಗ ಬದಲಾಗುವ ಸದ್ದು ಗಾಳಿಯದು. ಬಾಗಿಲಿನ ರಬ್ಬರ್ ಬೀಡಿಂಗ್, ಕನ್ನಡಿಯ ಬುಡ, ಛಾವಣಿಯ ಕಂಬಿ, ಹೊರಗಿನಿಂದ ಅಂಟಿಸಿದ ಮಳೆತಡೆ ಪಟ್ಟಿ, ಇವುಗಳ ಸಂದಿಗೆ ಒಂದೊಂದಾಗಿ ಪೇಂಟಿಂಗ್ ಟೇಪ್ ಅಂಟಿಸಿ ಓಡಿಸಿ. ಯಾವ ಟೇಪಿಗೆ ಸದ್ದು ನಿಲ್ಲುತ್ತದೋ ಅಲ್ಲೇ ದೋಷ. ಬಾಗಿಲ ಬೀಡಿಂಗ್ ಸಂಶಯವಿದ್ದರೆ ಒಂದು ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಬೀಡಿಂಗ್ ಒತ್ತುತ್ತಿಲ್ಲ. ಹಿಂದಿನ ಒಂದೇ ಕಿಟಕಿ ಇಳಿಸಿದಾಗ ಕಿವಿಗೆ ಗುದ್ದಿದಂತೆ ದಬದಬ ಎನ್ನುವುದು ಯಾವ ಕಾರಿನಲ್ಲಾದರೂ ಆಗುತ್ತದೆ. ಇನ್ನೊಂದು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೆ ನಿಲ್ಲುತ್ತದೆ. ಕೆಳಗಿನಿಂದ ಪಟಪಟ ಸದ್ದು ಬಂದರೆ ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಅಥವಾ ಚಕ್ರದ ಕಮಾನಿನ ಒಳಪದರ ಬಿಚ್ಚಿಕೊಂಡಿರುತ್ತದೆ. ಹಂಪ್‌ಗಳಿಗೆ ಹೊಟ್ಟೆ ತಾಗಿಸಿಕೊಂಡ ಕಾರುಗಳಲ್ಲಿ ಇದು ಸಾಮಾನ್ಯ, ಒಂದು ಕ್ಲಿಪ್ಪಿನ ಕೆಲಸ.

ವಿದ್ಯುತ್ ಕಾರು ಕೊಂಡವರು ಟೈರಿನ ಸದ್ದು, ಗಾಳಿಯ ಸದ್ದು ಹೆಚ್ಚೆಂದು ದೂರುತ್ತಾರೆ. ಎಂಜಿನ್ನಿನ ಸದ್ದು ಇಲ್ಲದ್ದರಿಂದ ಉಳಿದವು ಎದ್ದು ಕೇಳುತ್ತವೆ. ಪರೀಕ್ಷೆಯ ಕ್ರಮದಲ್ಲಿ ವ್ಯತ್ಯಾಸವಿಲ್ಲ, ಗೇರ್ ಬದಲಿಸಿ ನೋಡುವ ಒಂದು ಹಂತ ಮಾತ್ರ ಇರುವುದಿಲ್ಲ.

ಗ್ಯಾರೇಜಿಗೆ ಹೋದಾಗ

‘ಸದ್ದು ಬರ್ತಿದೆ, ನೋಡಿ’ ಎಂದು ಕೀ ಕೊಟ್ಟು ಬರಬೇಡಿ. ‘88ರಲ್ಲಿ ಶುರುವಾಗುತ್ತೆ, 95ರಲ್ಲಿ ಜಾಸ್ತಿ, ಸ್ಟೀರಿಂಗಿಗೆ ಬರುತ್ತೆ, ನಾಲ್ಕನೇ ಗೇರಲ್ಲೂ ಅಷ್ಟೇ, ಬ್ರೇಕ್ ಹಾಕಿದರೆ ಬದಲಾಗಲ್ಲ’ ಎಂದು ಬರೆದ ಚೀಟಿ ಕೊಡಿ. ಇತ್ತೀಚೆಗೆ ಟೈರು ಬದಲಿಸಿದ್ದು, ಗುಂಡಿಗೆ ಬಿದ್ದದ್ದು, ನೀರಲ್ಲಿ ಹೋದದ್ದು ಇದ್ದರೆ ಅದನ್ನೂ ಸೇರಿಸಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವೇಗಕ್ಕೆ ಒಮ್ಮೆ ಒಯ್ಯಿರಿ. ಗ್ಯಾರೇಜಿನ ಸುತ್ತ 40ರಲ್ಲಿ ಒಂದು ಸುತ್ತು ಹಾಕಿ ಬಂದರೆ ಈ ದೋಷ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ, ಅದು ನಿಮ್ಮ ಹಕ್ಕು.

ಚಕ್ರ ಬಿಚ್ಚಿದ ಯಾವ ಕೆಲಸದ ನಂತರವೂ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ, ಕಾರಿನ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ. ಸಡಿಲವಾದ ನಟ್ಟು ಕೂಡ ಮೊದಲು ಸಣ್ಣ ನಡುಕವಾಗಿಯೇ ಕಾಣಿಸಿಕೊಳ್ಳುತ್ತದೆ, ಆದರೆ ಬಹಳ ಹೊತ್ತು ಕಾಯುವುದಿಲ್ಲ. ಚಕ್ರ ಬಿಚ್ಚಿಸಿದ ಒಂದೆರಡು ದಿನದೊಳಗೆ ಹೊಸ ನಡುಕ ಬಂತೆಂದರೆ ಮುಂದಿನ ಊರಿನವರೆಗೆ ಹೋಗಿ ನೋಡೋಣ ಎನ್ನದೆ, ರಸ್ತೆಯ ಬದಿಗೆ ನಿಲ್ಲಿಸಿ ವೀಲ್ ಸ್ಪ್ಯಾನರ್ ಹಿಡಿಯಿರಿ.